ಸವಣೂರಿನಿಂದ ಆಕ್ಸ್‌ಫರ್ಡ್‌ಗೆ ಹೋಗಿ ಬಂದ ಗೋಕಾಕರು: ಎರಡು ವರ್ಷದ ಓದು, ಐವತ್ತು ವರ್ಷದ ದುಡಿಮೆ

ಹೊಸರಿತ್ತಿ: ಮಗ ಅಮೆರಿಕದಾಗ ಅದಾನ, ಮಗಳು ಲಂಡನ್‌ಗೆ ಓದಾಕ ಹೋಗ್ಯಾಳ ಅನ್ನೋ ಮಾತು ಈಗ ನಮ್ಮ ಭಾಗದ ಅಂಗಡಿ ಕಟ್ಟೆಗಳಲ್ಲೂ ಕೇಳಿಬರುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಯಾವ ಪೇಟೆಗೆ ಹೋದರೂ ಇಂಥ ಒಂದೆರಡು ಮನೆ ಸಿಗುತ್ತವೆ. ಆದರೆ ಸುಮಾರು 90 ವರ್ಷದ ಹಿಂದೆ ಈ ಸೀಮೆಯಿಂದ ಒಬ್ಬ ಕಾಲೇಜು ಮಾಸ್ತರರು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿದ್ದರು. ಎರಡು ವರ್ಷ ಓದಿದರು, ಮೊದಲ ದರ್ಜೆ ತಗೊಂಡರು, ತಿರುಗಿ ಬಂದರು. ಬಂದ ಮೇಲೆ ಏನು ಮಾಡಿದರು ಅನ್ನುವುದೇ ಅವರ ಜೀವನದ ನಿಜವಾದ ಕಥೆ.

ಅವರೇ ವಿನಾಯಕ ಕೃಷ್ಣ ಗೋಕಾಕ. ಕನ್ನಡಕ್ಕೆ ಐದನೇ ಜ್ಞಾನಪೀಠ ತಂದುಕೊಟ್ಟವರು. ಗೋಕಾಕ್ ಚಳವಳಿ ಅಂತ ಇವತ್ತಿಗೂ ಜನ ಕರೆಯುವ ಹೋರಾಟಕ್ಕೆ ಹೆಸರು ಬಂದದ್ದು ಇವರಿಂದಲೇ. ಅಡ್ಡಹೆಸರು ಗೋಕಾಕ ಅಂತ ಇರುವುದರಿಂದ ಬೆಳಗಾವಿ ಜಿಲ್ಲೆಯವರು ಅಂದುಕೊಳ್ಳುವವರು ಬಹಳ ಮಂದಿ. ಖರೆ ಹೇಳಬೇಕಂದ್ರೆ ಅವರು ಹುಟ್ಟಿದ್ದು ನಮ್ಮ ಸವಣೂರಿನಲ್ಲಿ.

ನವಾಬರ ಊರಿನ ಹುಡುಗ

ಗೋಕಾಕರು ಹುಟ್ಟಿದ್ದು 1909ರ ಆಗಸ್ಟ್ 9ರಂದು. ತಂದೆ ಕೃಷ್ಣರಾಯರು ವಕೀಲರು, ತಾಯಿ ಸುಂದರಾಬಾಯಿ. ಆಗ ಹಾವೇರಿ ಜಿಲ್ಲೆ ಅನ್ನೋದೇ ಇರಲಿಲ್ಲ, ಅದು ಆದದ್ದು 1997ರಲ್ಲಿ. ಸುತ್ತಲಿನ ಊರುಗಳೆಲ್ಲ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ಮಾತ್ರ ನವಾಬರ ಆಳ್ವಿಕೆಯ ಸಣ್ಣ ಸಂಸ್ಥಾನ.

ಸವಣೂರು ಅಂದರೆ ಈಗಿನ ಮಂದಿಗೆ ವೀಳ್ಯದೆಲೆ, ಖಾರ, ದೊಡ್ಡ ಹುಣಸೆಮರ ನೆನಪಾಗುತ್ತವೆ. ಆ ಮರಗಳ ಮೂಲ ಆಫ್ರಿಕಾ ಖಂಡ. ಯಾವುದೋ ಕಾಲಕ್ಕೆ ಬಂದು ಇಲ್ಲಿ ಬೇರು ಬಿಟ್ಟಿವೆ. ಊರಿನ ಮಾತೂ ಹಾಗೇ. ಓಣಿಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಕಾಗದಪತ್ರಗಳಲ್ಲಿ ಮರಾಠಿ, ಇಂಗ್ಲಿಷ್. ಮನೆ ಹೊರಗೆ ಕಾಲಿಟ್ಟರೆ ಎರಡು ಮೂರು ಭಾಷೆ ಕಿವಿಗೆ ಬೀಳುವ ಊರಲ್ಲಿ ಬೆಳೆದ ಹುಡುಗ, ಮುಂದೆ ಜೀವನಪೂರ್ತಿ ಭಾಷೆಯ ಕೆಲಸವನ್ನೇ ಮಾಡಿದ್ದರಲ್ಲಿ ಆಶ್ಚರ್ಯ ಇಲ್ಲ.

ಸವಣೂರಿನ ಮಜೀದ್ ಹೈಸ್ಕೂಲಿನಲ್ಲಿ ಸಾಲಿ ಕಲಿತು ಗೋಕಾಕರು ಧಾರವಾಡದ ಕರ್ನಾಟಕ ಕಾಲೇಜಿಗೆ ಹೋದರು. ಅಲ್ಲಿ ಎರಡು ನಂಟು ಬೆಳೆದವು. ಒಂದು ಇಂಗ್ಲಿಷ್ ಸಾಹಿತ್ಯದ್ದು. ಇನ್ನೊಂದು ದ.ರಾ. ಬೇಂದ್ರೆಯವರದ್ದು. ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಲ್ಲಿ ಗೋಕಾಕರೂ ಒಬ್ಬರಾದರು. ವಿನಾಯಕ ಅನ್ನೋ ಕಾವ್ಯನಾಮದಲ್ಲಿ ಕನ್ನಡ ಪದ್ಯ ಬರೆಯಲು ಹತ್ತಿದರು. ಹಗಲು ಶೇಕ್ಸ್‌ಪಿಯರ್ ಓದಿ ಸಂಜೆ ಬೇಂದ್ರೆಯವರ ಬಳಗದಲ್ಲಿ ಕೂತು ಕನ್ನಡ ಕವಿತೆ ಕೇಳುವ ಅವಕಾಶ ಎಲ್ಲರಿಗೂ ಸಿಗುವಂಥದ್ದಲ್ಲ.

ಎಂ.ಎ. ಮುಗಿದ ಮೇಲೆ 1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನೌಕರಿ ಸಿಕ್ಕಿತು. ಅದು ಡೆಕ್ಕನ್ ಎಜುಕೇಶನ್ ಸೊಸೈಟಿಯ ಕಾಲೇಜು. ಇಪ್ಪತ್ತೆರಡು ವರ್ಷಕ್ಕೆ ಕಾಲೇಜು ಮಾಸ್ತರರಾದ ಗೋಕಾಕರು ಅಲ್ಲೇ ಇದ್ದುಬಿಟ್ಟಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಒಂದೇ ಸೀಮೆ, ಎರಡು ದಾರಿ

ಗೋಕಾಕರು ಇಂಗ್ಲೆಂಡಿಗೆ ಹೊರಟ ಕಾಲ ಎಂಥದ್ದು ಅನ್ನೋದನ್ನು ಹೊಸರಿತ್ತಿಯ ಮಂದಿಗೆ ಬಿಡಿಸಿ ಹೇಳಬೇಕಿಲ್ಲ. ಇದೇ ಊರಿನಲ್ಲಿ 1906ರಲ್ಲಿ ಹುಟ್ಟಿದ ಗುದ್ಲೆಪ್ಪ ಹಳ್ಳಿಕೇರಿಯವರು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದಿದ್ದರು. ಮೋಟೆಬೆನ್ನೂರಿನ ಮೈಲಾರ ಮಹದೇವ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದಿದ್ದರು. ಮುಂದೆ 1943ರ ಏಪ್ರಿಲ್ 1ರಂದು ಅವರು ಇದೇ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದರು. ಅವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಪ್ರಾಣ ಕೊಟ್ಟರು.

ಈ ಸೀಮೆಯ ಹುಡುಗರು ಇಂಗ್ಲಿಷರನ್ನು ಓಡಿಸಲು ಜೈಲಿಗೆ ಹೋಗುತ್ತಿದ್ದ ಕಾಲದಲ್ಲೇ, ಇದೇ ಸೀಮೆಯ ಇನ್ನೊಬ್ಬರು ಇಂಗ್ಲಿಷ್ ಕಲಿಯಲು ಇಂಗ್ಲೆಂಡಿಗೆ ಹೋದರು. ಮೇಲ್ನೋಟಕ್ಕೆ ಎರಡೂ ಉಲ್ಟಾ ದಾರಿ. ಜೀವ ಕೊಟ್ಟವರ ತೂಕ ಬೇರೆ, ಅದಕ್ಕೆ ಯಾವುದನ್ನೂ ಹೋಲಿಸಲು ಆಗುವುದಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಕಲಿತದ್ದನ್ನು ಯಾರಿಗಾಗಿ ಬಳಸಿದರು ಅನ್ನೋದನ್ನು ನೋಡಿಯೇ ಗೋಕಾಕರ ಲೆಕ್ಕ ಹಾಕಬೇಕು.

ಎಂ.ಎ. ಆದವರು ಮತ್ತೆ ಬಿ.ಎ. ಕ್ಲಾಸಿಗೆ

1936ರಲ್ಲಿ ಗೋಕಾಕರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೊರಟಾಗ ವಯಸ್ಸು 27. ಐದು ವರ್ಷ ಪಾಠ ಮಾಡಿದ ಅನುಭವ ಬೆನ್ನಿಗಿತ್ತು. ಆದರೂ ಅಲ್ಲಿ ಆನರ್ಸ್ ಪದವಿಗೆ ವಿದ್ಯಾರ್ಥಿಯಾಗಿ ಮೊದಲಿನಿಂದ ಕೂರಬೇಕಾಯಿತು. ಇಲ್ಲಿ ಹಾಜರಿ ಕರೆಯುತ್ತಿದ್ದವರು ಅಲ್ಲಿ ಪ್ರಬಂಧ ಬರೆದು ಗುರುಗಳ ಮುಂದೆ ಓದಿ ತಿದ್ದಿಸಿಕೊಳ್ಳಬೇಕು. ಆಕ್ಸ್‌ಫರ್ಡ್‌ನ ಕಲಿಕೆಯ ಪದ್ಧತಿಯೇ ಅಂಥದ್ದು. ಒಬ್ಬಿಬ್ಬರೇ ಗುರುಗಳ ಎದುರು ಕೂತು ತಾವು ಬರೆದದ್ದನ್ನು ಸಮರ್ಥಿಸಿಕೊಳ್ಳಬೇಕು. ಗಿಳಿಪಾಠ ಅಲ್ಲಿ ನಡೆಯುವುದಿಲ್ಲ.

ಆಗ ವಿಮಾನದ ಓಡಾಟ ಸಾಮಾನ್ಯ ಜನಕ್ಕೆ ಎಟುಕುವಂಥದ್ದಾಗಿರಲಿಲ್ಲ. ಮುಂಬೈಯಲ್ಲಿ ಹಡಗು ಹತ್ತಿದರೆ ಏಡನ್, ಸೂಯೆಜ್ ಕಾಲುವೆ ದಾಟಿ ವಾರಗಟ್ಟಲೆ ನೀರಿನ ಮೇಲೇ ಇರಬೇಕು. ಬಯಲುಸೀಮೆಯ ಮನುಷ್ಯ, ಹಿನ್ನೆಲೆಗೆ ವರದಾ ತುಂಗಭದ್ರೆಯ ನೀರು ಕಂಡವರು. ಅಂಥವರ ಕಣ್ಣ ಮುಂದೆ ದಿನಗಟ್ಟಲೆ ದಂಡೆಯೇ ಇಲ್ಲದ ಸಮುದ್ರ. ಆ ಅನುಭವವನ್ನು ಅವರು ಕನ್ನಡದಲ್ಲೇ ಪದ್ಯ ಮಾಡಿದರು. ಸಮುದ್ರ ಗೀತೆಗಳು ಅನ್ನೋ ಸಂಕಲನ 1940ರಲ್ಲಿ ಬಂತು. ಪ್ರವಾಸದ ಬಗ್ಗೆ ಸಮುದ್ರದಾಚೆಯಿಂದ ಅನ್ನೋ ಪುಸ್ತಕವನ್ನೂ ಬರೆದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಮೊದಲ ದರ್ಜೆ ಪಡೆಯುವಷ್ಟು ಇಂಗ್ಲಿಷ್ ಗೊತ್ತಿದ್ದ ಮನುಷ್ಯ, ಸಮುದ್ರ ಕಂಡಾಗ ಕೈಗೆತ್ತಿಕೊಂಡದ್ದು ಕನ್ನಡ. ಇಂಗ್ಲಿಷಿನಲ್ಲೂ ಅವರು ಕವಿತೆ, ವಿಮರ್ಶೆ ಬಹಳ ಬರೆದರು. ಆದರೂ ದೊಡ್ಡ ಕೆಲಸಗಳಿಗೆ ಕನ್ನಡವನ್ನೇ ನಂಬಿದರು.

ಹೋದ ಸೊಸೈಟಿಗೇ ತಿರುಗಿ ಬಂದರು

1938ರಲ್ಲಿ ಓದು ಮುಗೀತು. ಕೈಯಲ್ಲಿ ಆಕ್ಸ್‌ಫರ್ಡ್‌ನ ಮೊದಲ ದರ್ಜೆ ಇತ್ತು. ತಿರುಗಿ ಬಂದು ಅವರು ಸೇರಿದ್ದು ಡೆಕ್ಕನ್ ಎಜುಕೇಶನ್ ಸೊಸೈಟಿಯದೇ ಇನ್ನೊಂದು ಕಾಲೇಜಿಗೆ, ಸಾಂಗ್ಲಿಯ ವಿಲ್ಲಿಂಗ್ಡನ್ ಕಾಲೇಜಿಗೆ ಪ್ರಿನ್ಸಿಪಾಲರಾಗಿ. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ.

ಮುಂದೆ ಗುಜರಾತಿನ ವೀಸನಗರ, ಆಮೇಲೆ ಕೊಲ್ಹಾಪುರದ ರಾಜಾರಾಮ ಕಾಲೇಜು. ಈ ಊರುಗಳ ಹೆಸರು ನೋಡಿ. ಒಂದೂ ಮುಂಬೈ, ಕಲ್ಕತ್ತಾದಂಥ ಮಹಾನಗರ ಅಲ್ಲ. ಸುತ್ತಲಿನ ಹಳ್ಳಿಗಳಿಂದ ರೈತರ, ವ್ಯಾಪಾರಸ್ಥರ ಮಕ್ಕಳು ಬಂದು ಮನೆತನದಲ್ಲಿ ಮೊದಲ ಸಲ ಡಿಗ್ರಿ ಹಿಡಿಯುವಂಥ ಊರುಗಳು. ಆಕ್ಸ್‌ಫರ್ಡ್‌ಗೆ ಹೋಗುವುದು ಕನಸಲ್ಲೂ ಆಗದ ಹುಡುಗರಿಗೆ ಆಕ್ಸ್‌ಫರ್ಡ್‌ನಲ್ಲಿ ಕಲಿತವರಿಂದ ಪಾಠ ಸಿಕ್ಕಿತು.

ಕವಿತೆಯಲ್ಲೂ ಹೊಸ ಸರಕು ಬಂತು. 1950ರಲ್ಲಿ ಬಂದ ನವ್ಯ ಕವಿತೆಗಳು ಅನ್ನೋ ಅವರ ಸಂಕಲನದಿಂದ ಕನ್ನಡದಲ್ಲಿ ನವ್ಯ ಅನ್ನೋ ಹೆಸರಿಗೆ ಬಲ ಬಂತು. ಪ್ರಾಸ, ಛಂದಸ್ಸಿನ ಕಟ್ಟು ಸಡಿಲಿಸಿ ಆಡುಮಾತಿನ ಓಟಕ್ಕೆ ಹತ್ತಿರವಾಗಿ ಬರೆಯುವ ದಾರಿ ಅದು. ಮುಂದೆ ಗೋಪಾಲಕೃಷ್ಣ ಅಡಿಗರು ಆ ದಾರಿಯಲ್ಲಿ ಇವರಿಗಿಂತ ಬಹಳ ದೂರ ಹೋದರು. ಬಾಗಿಲು ತೆಗೆದವರಲ್ಲಿ ಗೋಕಾಕರು ಮೊದಲಿಗರು.

1952ರಲ್ಲಿ ತಾವು ಕಲಿತ ಧಾರವಾಡದ ಕರ್ನಾಟಕ ಕಾಲೇಜಿಗೇ ಪ್ರಿನ್ಸಿಪಾಲರಾಗಿ ಬಂದರು. ಅವರ ಕಾಲದಲ್ಲಿ ಅಲ್ಲಿ ಓದಿ 1958ರಲ್ಲಿ ಪದವಿ ಪಡೆದವರಲ್ಲಿ ಗಿರೀಶ ಕಾರ್ನಾಡರೂ ಒಬ್ಬರು. ಕಾರ್ನಾಡರು ರೋಡ್ಸ್ ಸ್ಕಾಲರ್‌ಶಿಪ್ ಪಡೆದು 1960ರಲ್ಲಿ ಅದೇ ಆಕ್ಸ್‌ಫರ್ಡ್‌ಗೆ ಹೋದರು. ಹೋದ ಮಗ ತಿರುಗಿ ಬರುತ್ತಾನೋ ಇಲ್ಲವೋ ಅನ್ನೋ ತಂದೆತಾಯಿಯ ಆತಂಕದ ನಡುವೆ ಹೊರಡುವ ಮುಂಚೆ ಅವರು ಬರೆದ ನಾಟಕವೇ ಯಯಾತಿ. ಮಗನ ಯೌವನ ಕೇಳುವ ತಂದೆಯ ಕಥೆ ಅದು. ವಿದೇಶಕ್ಕೆ ಮಕ್ಕಳನ್ನು ಕಳಿಸುವ ಮನೆಗಳಲ್ಲಿ ಆ ಆತಂಕ ಇವತ್ತಿಗೂ ಹೋಗಿಲ್ಲ.

ಇಂಗ್ಲೆಂಡಿಗೆ ಹೋಗದೆಯೂ ಇಂಗ್ಲಿಷ್ ಕಲಿಸಲು

ಸ್ವಾತಂತ್ರ್ಯ ಬಂದ ಮೇಲೆ ದೇಶದ ಮುಂದೆ ಒಂದು ತೊಡಕು ಇತ್ತು. ಸಾಲಿ ಕಾಲೇಜುಗಳು ಹೆಚ್ಚುತ್ತಿದ್ದವು, ಇಂಗ್ಲಿಷ್ ಕಲಿಸುವ ಮಾಸ್ತರರಿಗೆ ಸರಿಯಾದ ತರಬೇತಿ ಇರಲಿಲ್ಲ. ತರಬೇತಿ ಬೇಕಂದ್ರೆ ಇಂಗ್ಲೆಂಡಿಗೆ ಹೋಗಬೇಕು. ಹೋಗುವವರು ವರ್ಷಕ್ಕೆ ಬೆರಳೆಣಿಕೆ ಮಂದಿ.

ಇದಕ್ಕಾಗಿ 1958ರಲ್ಲಿ ಹೈದರಾಬಾದಿನಲ್ಲಿ ಇಂಗ್ಲಿಷ್ ಭಾಷೆಯ ಕೇಂದ್ರ ಸಂಸ್ಥೆ ಶುರುವಾಯಿತು. ಅದನ್ನು ಕಟ್ಟುವ ಜವಾಬ್ದಾರಿ ಗೋಕಾಕರ ಹೆಗಲಿಗೆ ಬಂತು. 1959ರಿಂದ 1966ರವರೆಗೆ ಅವರೇ ನಿರ್ದೇಶಕರು. ಬೇರೆ ಬೇರೆ ರಾಜ್ಯಗಳ ಅಧ್ಯಾಪಕರು ಬಂದು ಅಲ್ಲೇ ಉಳಿದು, ಉಚ್ಚಾರ, ವ್ಯಾಕರಣ, ಪಾಠ ಮಾಡುವ ಕ್ರಮ ಕಲಿತು ತಮ್ಮ ಊರಿಗೆ ಮರಳುವ ವ್ಯವಸ್ಥೆ ಅಲ್ಲಿತ್ತು. ಈಗ ಅದೇ ಸಂಸ್ಥೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಗಿ ಬೆಳೆದಿದೆ.

ತಾನು ಹೋಗಿ ಬಂದ ದಾರಿಯನ್ನು ಬೇರೆಯವರಿಗೆ ಹತ್ತಿರ ಮಾಡಿಕೊಡುವ ಕೆಲಸ ಇದು. ಒಬ್ಬರು ಆಕ್ಸ್‌ಫರ್ಡ್‌ಗೆ ಹೋಗಿ ಬಂದ ಲಾಭ ಆ ಒಬ್ಬರ ಸಂಬಳಕ್ಕೆ ಮುಗಿಯಲಿಲ್ಲ. ಯಾವುದೋ ತಾಲೂಕಿನ ಹೈಸ್ಕೂಲಿನ ಕೊನೇ ಬೆಂಚಿನ ಹುಡುಗನವರೆಗೂ ಹರಿಯಿತು.

ಆಮೇಲೆ 1966ರಿಂದ 1969ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1970ರ ಸುಮಾರಿಗೆ ಶಿಮ್ಲಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್‌ಡ್ ಸ್ಟಡಿಯ ನಿರ್ದೇಶಕ. ಬ್ರಿಟಿಷ್ ವೈಸರಾಯ್ ಬೇಸಿಗೆಗೆ ಇರುತ್ತಿದ್ದ ದೊಡ್ಡ ಬಂಗಲೆಯಲ್ಲಿ ಈ ಸಂಸ್ಥೆ ಇದೆ. ಅಲ್ಲಿ ಲೇಖಕರು, ವಿದ್ವಾಂಸರು ಫೆಲೋಗಳಾಗಿ ಬಂದು ಉಳಿದು ಓದುತ್ತಾರೆ, ಬರೆಯುತ್ತಾರೆ. ಒಂದು ಕಾಲಕ್ಕೆ ಓದಲು ಪರದೇಶಕ್ಕೆ ಹೋಗಿದ್ದವರು, ಈಗ ಓದಲು ಬಂದವರ ಅನುಕೂಲ ನೋಡುವ ಜಾಗದಲ್ಲಿ ಕೂತಿದ್ದರು.

ಇಂಗ್ಲಿಷ್ ಮಾಸ್ತರರು ಕೊಟ್ಟ ಕನ್ನಡದ ವರದಿ

ಎಪ್ಪತ್ತು ದಾಟಿದ ಮೇಲೆ ಗೋಕಾಕರ ಹೆಸರು ಕರ್ನಾಟಕದ ಮನೆಮನೆಗೂ ಹೋಯಿತು. ಹೈಸ್ಕೂಲಿನಲ್ಲಿ ಪ್ರಥಮ ಭಾಷೆ ಯಾವುದಿರಬೇಕು ಅನ್ನೋ ಜಗಳ ಜೋರಾಗಿತ್ತು. ಸಂಸ್ಕೃತ ತಗೊಂಡರೆ ಅಂಕ ಹೆಚ್ಚು ಬರುತ್ತವೆ ಅಂತ ಬಹಳ ಮಕ್ಕಳು ಕನ್ನಡ ಬಿಡುತ್ತಿದ್ದರು. ಕನ್ನಡ ಓದದೆಯೂ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಬಹುದಿತ್ತು. 1980ರಲ್ಲಿ ಗುಂಡೂರಾವ್ ಸರ್ಕಾರ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1981ರ ಜನವರಿಯಲ್ಲಿ ವರದಿ ಬಂತು.

ಹೈಸ್ಕೂಲಿನಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ ಆಗಬೇಕು, ಅದಕ್ಕೆ 150 ಅಂಕ ಇರಬೇಕು, ಉಳಿದ ಎರಡು ಭಾಷೆಗಳಿಗೆ ತಲಾ 100 ಅಂಕ ಅನ್ನೋದು ವರದಿಯ ಮುಖ್ಯ ಮಾತು. ಸರ್ಕಾರ ಮೀನಮೇಷ ಎಣಿಸಿತು. 1982ರಲ್ಲಿ ಧಾರವಾಡದಲ್ಲಿ ಸಾಹಿತಿಗಳು ಬೀದಿಗೆ ಇಳಿದರು. ಆಮೇಲೆ ಡಾ. ರಾಜಕುಮಾರ್ ಇಳಿದರು. ರಾಜ್ಯದ ತುಂಬ ಜನ ಅವರ ಹಿಂದೆ ನಡೆದರು. ಸರ್ಕಾರ ಮಣಿಯಿತು. ಮುಂದೆ ವಿಷಯ ಕೋರ್ಟಿಗೆ ಹೋಗಿ ಆದೇಶಗಳು ಬದಲಾದವು. ಆದರೆ ನಮ್ಮ ಸಾಲಿಯಲ್ಲಿ ನಮ್ಮ ಭಾಷೆಗೆ ಜಾಗ ಬೇಕು ಅನ್ನೋ ಮಾತು ಗಟ್ಟಿಯಾಗಿ ನಿಂತದ್ದು ಆ ಚಳವಳಿಯಿಂದ.

ಆ ಹೋರಾಟದಲ್ಲಿ ನಮ್ಮ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರೂ ಮುಂದಿದ್ದರು. ಚಂಪಾ ಅಂತಲೇ ಎಲ್ಲರಿಗೂ ಗೊತ್ತು. ಅವರೂ ಇಂಗ್ಲಿಷ್ ಅಧ್ಯಾಪಕರು, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವರು. ಕನ್ನಡಕ್ಕಾಗಿ ಎದ್ದ ಚಳವಳಿಯಲ್ಲಿ ಇಂಗ್ಲೆಂಡಿನಲ್ಲಿ ಓದಿ ಬಂದ ಇಬ್ಬರು, ಅದೂ ನಮ್ಮದೇ ಜಿಲ್ಲೆಯವರು. ಇಂಗ್ಲಿಷ್ ಕಲಿತರೆ ಕನ್ನಡ ಮರೀತಾರೆ ಅನ್ನುವವರು ಇದನ್ನು ನೆನಪಿಡಬೇಕು. ಕನ್ನಡ ಇದ್ದರೆ ಇಂಗ್ಲಿಷ್ ಬರೋದಿಲ್ಲ ಅಂತ ಮಕ್ಕಳಿಗೆ ಹೇಳುವ ತಂದೆತಾಯಿಗಳೂ ನೆನಪಿಡಬೇಕು.

ಆಚೆಯೇ ಉಳಿದವರ ಲೆಕ್ಕ

ಹೋದವರೆಲ್ಲ ತಿರುಗಿ ಬರಲಿಲ್ಲ. ಮೈಸೂರಿನ ಎ.ಕೆ. ರಾಮಾನುಜನ್ ಬೆಳಗಾವಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾ ಜನಪದ ಕಥೆ ಕೂಡಿಸಿದವರು. 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಆಮೇಲೆ ಷಿಕಾಗೋದಲ್ಲಿ ಪ್ರಾಧ್ಯಾಪಕರಾಗಿ ಅಲ್ಲೇ ಉಳಿದು 1993ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ಅವರು 1973ರಲ್ಲಿ ಇಂಗ್ಲಿಷಿಗೆ ತಂದ ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಓದಿಯೇ ಹೊರಜಗತ್ತಿನ ಎಷ್ಟೋ ಮಂದಿ ವಚನ ಅಂದರೇನು ಅಂತ ತಿಳಿದರು.

ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋದವರು. ಸಂಸ್ಕಾರ ಕಾದಂಬರಿಯನ್ನು ಅಲ್ಲಿದ್ದಾಗಲೇ ಬರೆದರು, 1966ರಲ್ಲಿ ಪಿಎಚ್‌.ಡಿ. ಪಡೆದು ತಿರುಗಿ ಬಂದು ಮೈಸೂರಿನಲ್ಲಿ ಪಾಠ ಮಾಡಿದರು. ಆ ಕಾದಂಬರಿಯನ್ನು ಷಿಕಾಗೋದಲ್ಲಿ ಕೂತ ರಾಮಾನುಜನ್ 1976ರಲ್ಲಿ ಇಂಗ್ಲಿಷಿಗೆ ಕೊಟ್ಟರು. ಒಬ್ಬರು ಬಂದರು, ಒಬ್ಬರು ಉಳಿದರು. ಕನ್ನಡಕ್ಕೆ ಇಬ್ಬರಿಂದಲೂ ಲಾಭವಾಯಿತು.

ಗೋಕಾಕರೂ ಸವಣೂರಿಗೆ ಬಂದು ನೆಲೆಸಲಿಲ್ಲ. ನೌಕರಿ ಕರೆದಲ್ಲಿಗೆ ಹೋದರು. 1981ರಲ್ಲಿ ಪುಟ್ಟಪರ್ತಿಯ ಸತ್ಯಸಾಯಿ ವಿದ್ಯಾಸಂಸ್ಥೆಯ ಕುಲಪತಿಯಾದರು, ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾದರು. ದ್ಯಾವಾ ಪೃಥಿವೀ ಕವನಕ್ಕೆ 1960ರಲ್ಲೇ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಈ ಎಲ್ಲ ಓಡಾಟದ ನಡುವೆ ಸುಮಾರು 35 ಸಾವಿರ ಸಾಲಿನ ಭಾರತ ಸಿಂಧು ರಶ್ಮಿ ಮಹಾಕಾವ್ಯ ಬರೆದು ಮುಗಿಸಿದರು. 1990ರ ಜ್ಞಾನಪೀಠ ಅವರಿಗೆ ಸಂದಿತು. 1992ರ ಏಪ್ರಿಲ್ 28ರಂದು ಮುಂಬೈಯಲ್ಲಿ ತೀರಿಕೊಂಡರು. ತಮ್ಮ ಊರು ಹಾವೇರಿ ಜಿಲ್ಲೆಗೆ ಸೇರಿದ್ದನ್ನು ಅವರು ನೋಡಲಿಲ್ಲ.

ಈಗಿನವರಿಗೆ ದಾರಿ ಯಾವುದು?

ಇಂಥ ಅವಕಾಶಗಳು ಈಗ ಹೆಚ್ಚಿವೆ. ಕಾಲೇಜು ಅಧ್ಯಾಪಕರು, ಸಂಶೋಧನೆ ಮಾಡುವವರಿಗೆ ಅಮೆರಿಕಕ್ಕೆ ಫುಲ್‌ಬ್ರೈಟ್–ನೆಹರು ಫೆಲೋಶಿಪ್ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದ ಸಾಮಾನು ಮಾರಿದ ರೊಕ್ಕದಲ್ಲಿ ಅಮೆರಿಕ ಶುರು ಮಾಡಿದ ಯೋಜನೆ ಇದು. ಭಾರತದ ಜೊತೆ ಒಪ್ಪಂದ ಆದದ್ದು 1950ರಲ್ಲಿ. ಇಂಗ್ಲೆಂಡಿಗೆ ಹೋಗುವ ಲೇಖಕರು, ಅನುವಾದಕರು, ಕಲಾವಿದರಿಗೆ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಸಹಾಯ ಮಾಡುತ್ತದೆ. ಕಲ್ಕತ್ತಾದಲ್ಲಿ ಹಡಗು ವ್ಯಾಪಾರ ಮಾಡಿ ಗಳಿಸಿ 1916ರಲ್ಲಿ ತೀರಿಕೊಂಡ ಒಬ್ಬ ವ್ಯಾಪಾರಿ ಬಿಟ್ಟುಹೋದ ಆಸ್ತಿಯಿಂದ 1981ರಲ್ಲಿ ಈ ಟ್ರಸ್ಟ್ ಆಯಿತು. ಇಲ್ಲಿ ದುಡಿದ ರೊಕ್ಕ ಇಲ್ಲಿನವರ ಕಲಿಕೆಗೆ ತಿರುಗಿ ಬಂದಂತಾಯಿತು.

ಇಂಥ ಫೆಲೋಶಿಪ್‌ಗಳಿಗೆ ಬರೀ ಅಂಕಪಟ್ಟಿ ಸಾಲದು. ಏನು ಕೆಲಸ ಮಾಡ್ತೀರಿ, ಯಾಕೆ ಅಲ್ಲೇ ಹೋಗಬೇಕು, ತಿರುಗಿ ಬಂದು ಅದರಿಂದ ಯಾರಿಗೆ ಏನು ಉಪಯೋಗ ಅನ್ನೋದನ್ನು ಬಿಡಿಸಿ ಬರೆಯಬೇಕಾಗುತ್ತದೆ. ಫುಲ್‌ಬ್ರೈಟ್‌ನಲ್ಲಿ ಹೋದವರು ಅವಧಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು, ಆಮೇಲಷ್ಟೇ ಅಮೆರಿಕದಲ್ಲಿ ನೆಲೆಸುವ ವೀಸಾ ಕೇಳಬಹುದು ಅನ್ನೋ ನಿಯಮವೂ ಇದೆ. ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡಬಲ್ಲವರು ಕಡಿಮೆ. ಎರಡೂ ಭಾಷೆ ಚೆನ್ನಾಗಿ ಬರುವ ಹುಡುಗ ಹುಡುಗಿಯರಿಗೆ ಅಲ್ಲಿ ಒಂದು ಬಾಗಿಲು ತೆರೆದೇ ಇದೆ.

ತಿರುಗಿ ಬಂದು ಏನು ಮಾಡ್ತೀರಿ ಅಂತ ಈಗ ಅರ್ಜಿಯಲ್ಲಿ ಕೇಳುತ್ತಾರೆ. ಗೋಕಾಕರು ಅದಕ್ಕೆ ಸಾಂಗ್ಲಿ, ವೀಸನಗರ, ಕೊಲ್ಹಾಪುರ, ಧಾರವಾಡ, ಹೈದರಾಬಾದಿನ ಕ್ಲಾಸ್‌ರೂಮುಗಳಲ್ಲಿ ಉತ್ತರ ಕೊಟ್ಟರು. ನಮ್ಮ ಮಕ್ಕಳು ಹತ್ತನೇ ಕ್ಲಾಸಿನಲ್ಲಿ ಬರೆಯುವ ಕನ್ನಡ ಪೇಪರಿನಲ್ಲೂ ಆ ಉತ್ತರದ ಒಂದು ಪಾಲು ಇದೆ.